ಸಬೂಬು, ಮಾಮೂಲು, ಗಿಂಬಳ: ಕಚೇರಿ ಮಾತು ಬೀದಿಗಿಳಿದ ಬಗೆ

(ರಾಜ್ಯೋತ್ಸವದ ಅಂಗವಾಗಿ ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಮಾಡಿದ ಭಾಷಣದ ಪಠ್ಯ)



ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಒಬ್ಬ ಅಜ್ಜಿ ನಿಂತಿದ್ದಾಳೆ ಎಂದುಕೊಳ್ಳಿ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಮಡಿಕೆಯ ಗೆರೆಯಲ್ಲೇ ಹರಿಯತೊಡಗಿದ ಪಹಣಿ, ಗಂಡನ ಮರಣಪತ್ರ. ಒಳಗಿರುವ ಗುಮಾಸ್ತರು ತಲೆ ಎತ್ತದೆ ಕೇಳುತ್ತಾರೆ:

"ಪೌತಿ ಆಗಿದೆಯೇನಮ್ಮಾ?"

"ಆಗೈತೆ ಸ್ವಾಮಿ, ಎರಡು ವರ್ಷ ಆಯ್ತು."

"ಹಾಗಿದ್ರೆ ಇಲ್ಲೇನು ಕೆಲಸ? ಸಾಲಕ್ಕೆ ಬ್ಯಾಂಕಿಗೆ ಹೋಗಿ."

ಅಜ್ಜಿ ಬ್ಯಾಂಕಿಗೆ ಹೋಗುತ್ತಾಳೆ. ಪಹಣಿಯಲ್ಲಿ ಇನ್ನೂ ಗಂಡನ ಹೆಸರೇ ಇದೆಯೆಂದು ಅಲ್ಲಿಂದ ವಾಪಸು ಕಳಿಸುತ್ತಾರೆ. ಬಸ್ಸಿನ ಖರ್ಚು ಹೋಯಿತು, ಒಂದು ದಿನದ ಕೂಲಿಯೂ ಹೋಯಿತು. ಇಬ್ಬರಲ್ಲಿ ಸುಳ್ಳು ಹೇಳಿದವರು ಯಾರು? ಯಾರೂ ಇಲ್ಲ. 'ಪೌತಿ' ಎಂದರೆ ಸಾವು. ಅರಬ್ಬಿಯ 'ಫೌತ್' ಎಂಬ ಮಾತು ಕನ್ನಡಕ್ಕೆ ಬಂದಿರುವುದು ಹೀಗೆ. ಅಜ್ಜಿ ಕೊಟ್ಟ ಉತ್ತರ ನಿಘಂಟಿನ ಪ್ರಕಾರ ನೂರಕ್ಕೆ ನೂರು ಸರಿ. ಆದರೆ ಗುಮಾಸ್ತರ ಬಾಯಲ್ಲಿ ಅದೇ ಮಾತಿಗೆ, ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು ಎಂಬ ಎರಡನೆಯ ಅರ್ಥವಿದೆ. ಅಜ್ಜಿ ಗಂಡನ ಮಾತಾಡಿದಳು, ಗುಮಾಸ್ತರು ಖಾತೆಯ ಮಾತಾಡಿದರು.

ಇಂಥ ದೃಶ್ಯ ನೋಡಲು ಬಹಳ ದೂರ ಹೋಗಬೇಕಾಗಿಲ್ಲ. ಕಚೇರಿಯ ಈ ಪರಿಭಾಷೆ ಜನರ ಬಾಯಿಗೆ ಬಿದ್ದು ಏನೇನಾಯಿತು, ಎಲ್ಲಿ ಜನರದಾಯಿತು, ಎಲ್ಲಿ ಇನ್ನೂ ಕಚೇರಿಯದಾಗಿಯೇ ಉಳಿಯಿತು ಎಂಬುದೇ ಇಂದಿನ ಮಾತಿನ ವಿಷಯ.

ಆಡಳಿತಕ್ಕೆ ತನ್ನದೇ ಒಂದು ಭಾಷೆ ಇರುವುದು ಹೊಸ ಸಂಗತಿಯೇನಲ್ಲ. ಚಾಲುಕ್ಯ, ಹೊಯ್ಸಳರ ಶಾಸನಗಳನ್ನು ತೆರೆದರೆ 'ಸಿದ್ಧಾಯ', 'ಮತ್ತರು', 'ಕಮ್ಮ' ಎಂಬ ಮಾತುಗಳು ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ತೆರಿಗೆಗೆ, ಅಳತೆಗೆ ಅಂದಿನ ಕರಣಿಕರು ಬಳಸುತ್ತಿದ್ದ ಮಾತುಗಳು ಅವು. ಇಂದು ಅವುಗಳಿಗೆ ಶಾಸನತಜ್ಞರು ಅರ್ಥ ಹೇಳಬೇಕು. ಬಹಮನಿ ಮತ್ತು ಬಿಜಾಪುರದ ಆದಿಲಶಾಹಿ ಕಾಲದಲ್ಲಿ ಫಾರ್ಸಿಯ ಮಾತುಗಳು ಹರಿದು ಬಂದವು. ಆದಿಲಶಾಹಿಯ ಕಂದಾಯದ ಲೆಕ್ಕವೆಲ್ಲ ಬಹುಮಟ್ಟಿಗೆ ಮರಾಠಿಯಲ್ಲಿ ನಡೆಯುತ್ತಿತ್ತು. ಆಮೇಲೆ ಪೇಶ್ವೆಗಳ ಆಳ್ವಿಕೆ, ಇತ್ತ ಮೈಸೂರಿನಲ್ಲಿ ಹೈದರ್–ಟಿಪ್ಪು ಕಾಲದ ಫಾರ್ಸಿ ದಫ್ತರ, ಅದರ ಮೇಲೆ ಬ್ರಿಟಿಷರ ಇಂಗ್ಲಿಷ್. ಮುಂಬಯಿ ಪ್ರಾಂತದ ಸರ್ವೆ ಪದ್ಧತಿಯನ್ನೇ 1863ರಿಂದ ಮೈಸೂರಿನಲ್ಲಿ ಜಾರಿಗೆ ತಂದಾಗ ಧಾರವಾಡ ಕಡೆಯ ಮರಾಠಿ ಪರಿಭಾಷೆ ಮೈಸೂರು ಸೀಮೆಗೂ ಇಳಿಯಿತು. ಮಂಡ್ಯದ ರೈತ 'ಪಹಣಿ' ಎನ್ನುವಾಗ 'ನೋಡುವುದು' ಎಂಬ ಅರ್ಥದ ಮರಾಠಿಯ ಮಾತೊಂದನ್ನು ಆಡುತ್ತಿದ್ದಾನೆ. ಬೆಳೆ ಏನಿದೆ ಎಂದು ಹೊಲಕ್ಕೇ ಬಂದು ನೋಡಿ ಬರೆದುಕೊಂಡದ್ದು ಪಹಣಿ. ಹುಬ್ಬಳ್ಳಿ, ಬೆಳಗಾವಿಯ ಕಡೆ ಇದನ್ನೇ 'ಉತಾರ' ಎನ್ನುತ್ತಾರೆ. ಅದೂ ಮರಾಠಿಯದೇ. ದಫ್ತರದಿಂದ ಇಳಿಸಿಕೊಂಡ ನಕಲು ಎಂದು ಅದರ ಅರ್ಥ. ಮಂಗಳೂರಿನ ಕಡೆಯವರು ನೇರವಾಗಿ 'ಆರ್‌ಟಿಸಿ' ಎಂದುಬಿಡುತ್ತಾರೆ. ಒಂದೇ ಕಾಗದ, ಮೂರು ಹೆಸರು!

ಕೆಲವು ಹುದ್ದೆಗಳ ಹೆಸರನ್ನು ಬಿಡಿಸಿ ನೋಡಿದರೆ ನಗು ಬರುತ್ತದೆ. 'ಜವಾನ' ಎಂದರೆ ಫಾರ್ಸಿಯಲ್ಲಿ ತರುಣ. ಕಚೇರಿಯಲ್ಲಿ ಮಾತ್ರ ಮನುಷ್ಯ 60 ತುಂಬಿ ಹಾರ ಹಾಕಿಸಿಕೊಂಡು ನಿವೃತ್ತನಾಗುವ ದಿನವೂ ಜವಾನನೇ. 'ಶಿರಸ್ತೇದಾರ' ಎಂಬ ಗಂಭೀರ ಹೆಸರಿನ ಒಳಗಿರುವುದು 'ದಾರದ ತುದಿ' ಎಂಬ ಅರ್ಥದ ಫಾರ್ಸಿ ಮಾತು. ಕಡತಗಳ ದಾರದ ತುದಿ ಯಾರ ಕೈಯಲ್ಲಿದೆಯೋ ಆತನೇ ಶಿರಸ್ತೇದಾರ. ಕಚೇರಿ ಅಲೆದವರಿಗೆ ಈ ವ್ಯುತ್ಪತ್ತಿ ವಿವರಿಸಬೇಕಾಗಿಲ್ಲ. ಶಾನುಭೋಗಿಕೆ, ಪಟೇಲಿಕೆಯಂಥ ವಂಶಪಾರಂಪರ್ಯದ ಹುದ್ದೆಗಳು 1961ರ ಕಾಯ್ದೆಯ ಪ್ರಕಾರ 1963ರಲ್ಲಿ ರದ್ದಾದವು. ಆದರೆ ಶಾನಭಾಗ, ಕುಲಕರ್ಣಿ, ಪಾಟೀಲ, ದೇಸಾಯಿ ಎಂದು ಮನೆತನದ ಹೆಸರುಗಳಾಗಿ ಹಾಜರಿಪಟ್ಟಿಗಳಲ್ಲಿ ಕುಳಿತೇ ಇವೆ.

ಇಲ್ಲಿಯವರೆಗಿನದು ಭಾಷಾವಿಜ್ಞಾನಿಗಳಿಗೆ ಗೊತ್ತಿರುವ ಸಂಗತಿಯೇ. ನಿಜವಾದ ಕುತೂಹಲ ಇರುವುದು ಮುಂದೆ. ಕಚೇರಿಯ ಮಾತುಗಳನ್ನು ಜನ ಸುಮ್ಮನೆ ಎರವಲು ತೆಗೆದುಕೊಳ್ಳಲಿಲ್ಲ. ಕಚೇರಿಯಲ್ಲಿ ತಮಗಾದ ಅನುಭವವನ್ನು ಅವುಗಳೊಳಗೆ ತುಂಬಿ ಇಟ್ಟುಕೊಂಡರು.

'ಸಬೂಬು' ಎಂಬ ಮಾತನ್ನೇ ತೆಗೆದುಕೊಳ್ಳಿ. ಇದರ ಮೂಲ ಅರಬ್ಬಿಯ 'ಸಬಬ್'. ಅರ್ಥ, ಕಾರಣ. ಅಷ್ಟೇ, ಬೇರೆ ಯಾವ ಬಣ್ಣವೂ ಇಲ್ಲ. ಉರ್ದುವಿನಲ್ಲಿ ಇಂದಿಗೂ 'ಸಬಬ್' ಎಂದರೆ ಕಾರಣವೇ. ಕನ್ನಡದಲ್ಲಿ? 'ಸಬೂಬು ಹೇಳಬೇಡ' ಎಂದರೆ ಸುಳ್ಳು ಕಾರಣ ಹೇಳಬೇಡ ಎಂದರ್ಥ. ಕಾರಣವು ನೆಪವಾಗಿ ಇಳಿದದ್ದು ಯಾವ ವರ್ಷ, ಯಾವ ಊರಿನಲ್ಲಿ ಎಂದು ಹೇಳುವುದು ಸಾಧ್ಯವಿಲ್ಲ. ಆದರೆ ಹೇಗೆ ಇಳಿದಿರಬೇಕು ಎಂದು ಊಹಿಸಲು ಪಂಡಿತರೇ ಬೇಕಿಲ್ಲ. 'ಸಾಹೇಬರು ಕ್ಯಾಂಪಿಗೆ ಹೋಗಿದ್ದಾರೆ', 'ಕಡತ ಜಿಲ್ಲಾ ಕಚೇರಿಗೆ ಹೋಗಿದೆ', 'ಮುಂದಿನ ಸೋಮವಾರ ಬನ್ನಿ' ಎಂಬ ಕಾರಣಗಳನ್ನು ತಲೆಮಾರುಗಟ್ಟಲೆ ಕೇಳಿದ ಕಿವಿಗೆ ಕಾರಣಕ್ಕೂ ನೆಪಕ್ಕೂ ವ್ಯತ್ಯಾಸ ಉಳಿಯುವುದಾದರೂ ಹೇಗೆ?

'ಮಾಮೂಲು' ಕೂಡ ಹಾಗೆಯೇ. ಮೂಲದಲ್ಲಿ ವಾಡಿಕೆಯದು, ನಡೆದುಬಂದದ್ದು ಎಂಬುದಷ್ಟೇ ಅರ್ಥ. 'ಇದೆಲ್ಲ ಮಾಮೂಲು ಬಿಡಿ' ಎನ್ನುವಾಗ ಆ ಹಳೆಯ ಅರ್ಥ ಈಗಲೂ ಬದುಕಿದೆ. ಆದರೆ 'ಮಾಮೂಲು ಕೊಟ್ಟೆಯಾ?' ಎಂದರೆ ಅದು ಬೇರೆ. ಕೊಡಲೇಬೇಕಾದ ಲಂಚಕ್ಕೆ 'ವಾಡಿಕೆಯದು' ಎಂದು ಹೆಸರಿಟ್ಟವರು ಕೊಟ್ಟವರೋ ತೆಗೆದುಕೊಂಡವರೋ ತಿಳಿಯದು. ಯಾರೇ ಇಟ್ಟಿರಲಿ, ಲಂಚ ವಾಡಿಕೆಯಾಗಿ ಹೋಗಿತ್ತು ಎಂಬ ಸಾಕ್ಷ್ಯ ಆ ಒಂದೇ ಮಾತಿನಲ್ಲಿದೆ.

'ಶಾಮೀಲು' ಎಂದರೆ ಸೇರಿದ್ದು, ಒಳಗೊಂಡದ್ದು. ಹಿಂದಿಯಲ್ಲಿ ಮದುವೆಗೂ 'ಶಾಮಿಲ್' ಆಗಬಹುದು, ಪ್ರಾರ್ಥನೆಗೂ ಆಗಬಹುದು. ಕನ್ನಡದಲ್ಲಿ ಯಾರಾದರೂ ಮದುವೆಯಲ್ಲಿ ಶಾಮೀಲಾದರು ಎಂದರೆ ಪೊಲೀಸರು ಬರಬೇಕಾಗುತ್ತದೆ! ಇಲ್ಲಿ ಶಾಮೀಲಾಗುವುದು ಕಳ್ಳತನದಲ್ಲಿ, ಅವ್ಯವಹಾರದಲ್ಲಿ ಮಾತ್ರ. 'ಕುಮ್ಮಕ್ಕು' ಎಂಬುದರ ಮೂಲವಾದ 'ಕುಮಕ್' ಎಂದರೆ ನೆರವು. ಒಳ್ಳೆಯ ಕೆಲಸಕ್ಕೆ ಕುಮ್ಮಕ್ಕು ಕೊಟ್ಟವರನ್ನು ಕನ್ನಡದಲ್ಲಿ ಯಾರೂ ಕಂಡಿಲ್ಲ. ಜಗಳಕ್ಕೆ, ಗಲಭೆಗೆ ಮಾತ್ರ ಅದು ಸಿಗುತ್ತದೆ. ಇದರ ತಂಗಿಯೊಬ್ಬಳು ದಕ್ಷಿಣ ಕನ್ನಡದಲ್ಲಿ ಮರ್ಯಾದೆಯಿಂದ ಬಾಳುತ್ತಿದ್ದಾಳೆ. ಪಟ್ಟಾ ಜಮೀನಿನ ಅಂಚಿನಿಂದ 100 ಗಜದವರೆಗಿನ ಸರ್ಕಾರಿ ಜಾಗಕ್ಕೆ ಅಲ್ಲಿ 'ಕುಮ್ಕಿ' ಎಂದು ಹೆಸರು. ಸೊಪ್ಪು, ಸೌದೆ ತೆಗೆದುಕೊಳ್ಳಲು ಕೃಷಿಕನಿಗೆ ಕೊಟ್ಟ ನೆರವು ಅದು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳು ಕೃಷಿಗೆ ನೆರವಾದಳು, ಇನ್ನೊಬ್ಬ ಪೊಲೀಸ್ ದೂರಿಗೆ ಸೇರಿದ.

'ತಗಾದೆ' ಎಂದರೆ ಬರಬೇಕಾದ ಹಣ ಕೇಳುವುದು. ಅದೀಗ ಜಗಳ ತೆಗೆಯುವುದಾಗಿದೆ. 'ತಕರಾರು' ಎಂದರೆ ಮೂಲದಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವುದು. ಕಚೇರಿಯಲ್ಲಿ ಹೇಳಿದ್ದನ್ನೇ ಎರಡನೆಯ ಸಲ ಹೇಳಿದವನು ತಕರಾರಿನವನೇ ಆಗಿಬಿಡುತ್ತಾನಲ್ಲ!

ಎಲ್ಲವೂ ಕಹಿಯಾದವು ಎಂದು ಮಾತ್ರ ತಿಳಿಯಬಾರದು. ಬರಿಯ ದಾರಿ ತಪ್ಪಿ ಬೇರೆ ಊರು ಸೇರಿದವೂ ಇವೆ. 'ರಾಜೀನಾಮೆ'ಯನ್ನು ಬಿಡಿಸಿದರೆ 'ಒಪ್ಪಿಗೆಯ ಪತ್ರ'. ಉತ್ತರ ಭಾರತದಲ್ಲಿ ಇಂದಿಗೂ ಅದು ರಾಜಿಯ ಕಾಗದವೇ. ಮುಂಬಯಿ ಪ್ರಾಂತದ ಕಂದಾಯ ವ್ಯವಹಾರದಲ್ಲಿ ಜಮೀನನ್ನು ತಾನಾಗಿ ಬಿಟ್ಟುಕೊಡುವ ರೈತ ಬರೆದುಕೊಡುತ್ತಿದ್ದ ಪತ್ರಕ್ಕೂ ಇದೇ ಹೆಸರಾಯಿತು. ಜಮೀನು ಬಿಡುವ ಪತ್ರದ ಹೆಸರೇ ಹುದ್ದೆ ಬಿಡುವ ಪತ್ರಕ್ಕೂ ಬಂತು. ಹೀಗಾಗಿ ಇಂದು ಮಂತ್ರಿಗಳು ಮನಸ್ಸಿಲ್ಲದ ಮನಸ್ಸಿನಿಂದ ಕೊಡುವುದು ಮೂಲಾರ್ಥದಲ್ಲಿ ತಮ್ಮ 'ಸಂತೋಷದ ಒಪ್ಪಿಗೆ'ಯನ್ನು! ಪೊಲೀಸ್ ಠಾಣೆಯಲ್ಲಿ ಬರೆಸಿಕೊಳ್ಳುವ 'ಮುಚ್ಚಳಿಕೆ'ಯಂತೂ ಮುಚ್ಚಳಕ್ಕೆ ಸಂಬಂಧಪಟ್ಟ ಅಪ್ಪಟ ಕನ್ನಡದ ಮಾತಿನಂತೆ ಕೇಳಿಸುತ್ತದೆ. ಜಗಳ ಮುಚ್ಚಿಹಾಕುವುದಕ್ಕೆ ಬರೆಸಿಕೊಳ್ಳುವುದು ಎಂದು ಅರ್ಥ ಹೇಳುವವರೂ ಉಂಟು. ಅದು ತುರ್ಕಿ ಮೂಲದ 'ಮುಚಲ್ಕಾ'. ದೂರದಿಂದ ಬಂದ ನೆಂಟ ಕನ್ನಡದ ಪಂಚೆ ಉಟ್ಟು ಕುಳಿತಿದ್ದಾನೆ.

ಇನ್ನು ಅಪ್ಪಟ ದೇಸಿ ಕುಶಲತೆಗೆ 'ಗಿಂಬಳ'ಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಕನ್ನಡದಲ್ಲಿ ಯಾವ ಮಾತಿಗಾದರೂ 'ಗಿ' ಹಚ್ಚಿ ಜೋಡಿ ಕಟ್ಟಬಹುದು. ಕಾಫಿ ಗೀಫಿ, ಮನೆ ಗಿನೆ, ಮದುವೆ ಗಿದುವೆ. ಈ ಎರಡನೆಯ ಮಾತಿಗೆ ಸ್ವಂತ ಅರ್ಥವಿಲ್ಲ, ಅದು ಮೊದಲ ಮಾತಿನ ನೆರಳು. ಗೀಫಿಯನ್ನು ಲೋಟಕ್ಕೆ ಸುರಿದು ಕುಡಿದವರಿಲ್ಲ. ಆದರೆ 'ಸಂಬಳ ಗಿಂಬಳ' ಎಂಬ ಜೋಡಿಯಲ್ಲಿ ನೆರಳೇ ಎದ್ದು ನಡೆಯತೊಡಗಿತು. ಸಂಬಳದ ಜೊತೆಗೆ ಬರುವ, ಲೆಕ್ಕಕ್ಕೆ ಸಿಗದ, ಕೆಲವೊಮ್ಮೆ ಸಂಬಳವನ್ನೇ ಮೀರಿಸುವ ಆದಾಯಕ್ಕೆ ಅದು ಸ್ವತಂತ್ರ ನಾಮಪದವಾಯಿತು. 'ಸಂಬಳ ಎಷ್ಟು' ಎಂಬ ಪ್ರಶ್ನೆಗಿಂತ 'ಗಿಂಬಳ ಎಷ್ಟು' ಎಂಬ ಪ್ರಶ್ನೆ ಹೆಣ್ಣು ಕೊಡುವ ಮನೆಯಲ್ಲಿ ಹೆಚ್ಚು ತೂಗುತ್ತಿದ್ದ ಕಾಲವೂ ಇತ್ತು. ಲಂಚಕ್ಕೆ ಇಷ್ಟು ಮುದ್ದಾದ ಹೆಸರು ಬೇರೆ ಭಾಷೆಗಳಲ್ಲಿ ಇದ್ದಂತಿಲ್ಲ. ಹೆಸರು ಮುದ್ದಾದಷ್ಟೂ ಪಿಡುಗು ಸಹ್ಯವಾಗುತ್ತದೆ ಎಂಬ ಆಕ್ಷೇಪಣೆಯೂ ಸರಿಯಾದದ್ದೇ.

ಇವೆಲ್ಲ ಜನ ಗೆದ್ದ ಮಾತುಗಳು. ಕಚೇರಿ ಒಂದು ಹೇಳಿತು, ಜನ ಅದಕ್ಕೆ ತಮ್ಮ ಅರ್ಥ ಹಚ್ಚಿ ವಾಪಸು ಕೊಟ್ಟರು. ಆದರೆ ಜನರ ಬಾಯಿಗೆ ಬಂದೂ ಅವರ ಕೈಗೆ ಬಾರದ ಮಾತುಗಳಿವೆ. ನಷ್ಟವಾಗುವುದು ಅಲ್ಲಿ. ಅಜ್ಜಿಯ 'ಪೌತಿ' ಅಂಥ ಒಂದು ಮಾತು. 'ಖರಾಬು' ಇನ್ನೊಂದು.

ಖರಾಬು ಎಂದರೆ ಕೆಟ್ಟದ್ದು ಎಂದು ಮಕ್ಕಳಿಗೂ ಗೊತ್ತು. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ 'ಖರಾಬು' ಎಂದು ಕೆಲವು ಗುಂಟೆ ಕಳೆದಿರುತ್ತಾರೆ. ಕಲ್ಲುಬಂಡೆಯ ಕೆಟ್ಟ ಜಾಗವಿರಬೇಕು ಎಂದು ಕೊಳ್ಳುವವರು ತಿಳಿಯುತ್ತಾರೆ. ಆದರೆ ಖರಾಬಿನಲ್ಲಿ 'ಅ' ಎಂದೂ 'ಬ' ಎಂದೂ ಎರಡಿವೆ. 'ಅ' ಖರಾಬು ಸರ್ವೆಯ ಕಾಲದಲ್ಲಿ ಸಾಗುವಳಿಗೆ ಯೋಗ್ಯವಲ್ಲವೆಂದು ಗುರುತಿಸಿ, ಕಂದಾಯ ಹಾಕದೆ ಬಿಟ್ಟದ್ದು. ಅದು ಹಿಡುವಳಿದಾರನ ಜಮೀನಿಗೆ ಸೇರಿಯೇ ಇರುತ್ತದೆ. 'ಬ' ಖರಾಬು ದಾರಿ, ಹಳ್ಳ, ಸ್ಮಶಾನ ಮುಂತಾಗಿ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದದ್ದು. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಅಂದರೆ 1089 ಚದರ ಅಡಿ. ಪಟ್ಟಣದ ಅಂಚಿನಲ್ಲಿ ಅಷ್ಟರಲ್ಲಿ ಒಂದು ಮನೆಯೇ ಏಳುತ್ತದೆ. ನಿವೃತ್ತಿಯ ಹಣವನ್ನೆಲ್ಲ ಸುರಿದು ಕೊಂಡ ನಿವೇಶನ 'ಬ' ಖರಾಬಿನಲ್ಲಿದೆ ಎಂದು ಬುಲ್ಡೋಜರ್ ಬಂದ ದಿನ ತಿಳಿದರೆ, ಆ ಮನುಷ್ಯನನ್ನು ಮುಳುಗಿಸಿದ್ದು ಒಂದು ಅಕ್ಷರ.

'ಪೋಡಿ'ಯದು ಮತ್ತೊಂದು ಕಥೆ. ಒಡೆಯುವುದು, ತುಂಡು ಮಾಡುವುದು ಎಂಬ ಅರ್ಥದ ಮರಾಠಿ ಮಾತಿನಿಂದ ಬಂದದ್ದು. ದೊಡ್ಡ ಸರ್ವೆ ನಂಬರನ್ನು ಅಳೆದು ಪಾಲು ಮಾಡಿ, ಪ್ರತಿ ಪಾಲಿಗೂ ಬೇರೆ ನಂಬರು, ಬೇರೆ ನಕ್ಷೆ ಕೊಡುವುದೇ ಪೋಡಿ. ಗೋಮಾಳದ ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಮಂದಿಗೆ 'ದರಖಾಸ್ತು' ಜಮೀನು ಮಂಜೂರಾಗಿರುತ್ತದೆ. ದರಖಾಸ್ತು ಎಂದರೆ ಕೋರಿಕೆ ಎಂದಷ್ಟೇ ಅರ್ಥ. ಕೋರಿಕೆ ಈಡೇರಿ, ಸಾಗುವಳಿ ಚೀಟಿ ಬಂದು, ಅಪ್ಪ ಉತ್ತು, ಮಗ ಉತ್ತು, ಮೊಮ್ಮಗ ಉಳುವ ಕಾಲ ಬಂದರೂ ಜಮೀನಿನ ಹೆಸರು ಇನ್ನೂ 'ಕೋರಿಕೆ'ಯೇ! ಪೋಡಿ ಆಗಿರದಿದ್ದರೆ ಸಾಲಕ್ಕೂ ತೊಡಕು, ಮಾರಾಟಕ್ಕೂ ತೊಡಕು. 2010ರ ದಶಕದಲ್ಲಿ ಸರ್ಕಾರ ಇದಕ್ಕಾಗಿಯೇ 'ಪೋಡಿ ಮುಕ್ತ ಗ್ರಾಮ' ಎಂಬ ಅಭಿಯಾನ ನಡೆಸಬೇಕಾಯಿತು. ಗೋಡೆಯ ಮೇಲೆ ಆ ಹೆಸರು ಓದಿದವರು ಮಲೇರಿಯಾ ಮುಕ್ತ, ಪೋಲಿಯೊ ಮುಕ್ತ ಎಂಬಂತೆ ಇದೂ ಯಾವುದೋ ಕಾಯಿಲೆ ಎಂದುಕೊಂಡರೆ ತಪ್ಪು ಅವರದಲ್ಲ.

ಪದಗಳಿಂದ ಬೇಸತ್ತ ಜನ ಸಂಖ್ಯೆಗಳಿಗೆ ಶರಣಾದದ್ದೂ ಇದೆ. ಭೂಸುಧಾರಣೆಯ 1974ರ ತಿದ್ದುಪಡಿಯ ನಂತರ ಗೇಣಿದಾರರು ತುಂಬಿದ್ದು ನಮೂನೆ 7. 'ಏಳನೇ ನಂಬರು ಹಾಕಿದ್ವಿ' ಎಂದರೆ ಹಿರಿಯ ರೈತರಿಗೆ ಪೂರ್ತಿ ಕಥೆ ತಿಳಿಯುತ್ತದೆ. 'ಬಗರ್ ಹುಕುಂ', ಅಂದರೆ ಅಪ್ಪಣೆಯಿಲ್ಲದೆ, ಸರ್ಕಾರಿ ಜಮೀನು ಉಳುತ್ತಿದ್ದವರು ಸಕ್ರಮಕ್ಕಾಗಿ ಮೊದಲು ನಮೂನೆ 50, ಆಮೇಲೆ 53, ಮತ್ತೆ 2018ರಲ್ಲಿ 57 ತುಂಬಿದರು. ಹಳ್ಳಿಯ ಕಟ್ಟೆಯ ಮೇಲೆ 'ನಿಂದು ಐವತ್ಮೂರೋ ಐವತ್ತೇಳೋ?' ಎಂದು ಕೇಳಿದರೆ ಅದು ವಯಸ್ಸಿನ ವಿಚಾರಣೆಯಲ್ಲ. ಮಹಾರಾಷ್ಟ್ರದಲ್ಲಿ ಪಹಣಿಯ ಹೆಸರೇ 'ಸಾತ್‌ಬಾರಾ', ಏಳು-ಹನ್ನೆರಡು. ಗ್ರಾಮಲೆಕ್ಕದ ನಮೂನೆ 7 ಮತ್ತು 12 ಸೇರಿ ಆದದ್ದು. ಸಂಖ್ಯೆ ಒಮ್ಮೆ ಮಾತಾಯಿತೆಂದರೆ ಕಾನೂನು ಬದಲಾದರೂ ಅದು ಬದಲಾಗುವುದಿಲ್ಲ. ವಂಚನೆಯ 420ನೆಯ ಕಲಂ ಇದ್ದ 1860ರ ದಂಡ ಸಂಹಿತೆ 2024ರ ಜುಲೈ 1ರಂದು ತೆರೆಮರೆಗೆ ಸರಿದು ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲಿ ವಂಚನೆಗೆ 318ನೆಯ ಕಲಂ. ಆದರೂ ಮೋಸ ಮಾಡಿದವನನ್ನು 'ಅವನೊಬ್ಬ ತ್ರೀ ಹಂಡ್ರೆಡ್ ಏಯ್ಟೀನ್' ಎಂದು ಬೈಯುವವರು ಹುಟ್ಟಿದಂತಿಲ್ಲ.

ಹಾಗಾದರೆ ಈ ಪರಭಾಷೆಯ ಮಾತುಗಳನ್ನೆಲ್ಲ ಕಿತ್ತುಹಾಕಿ ಅಚ್ಚಕನ್ನಡದ್ದನ್ನೋ ಸಂಸ್ಕೃತದ್ದನ್ನೋ ತರಬೇಕೇ? ರಾಜ್ಯೋತ್ಸವದ ತಿಂಗಳಲ್ಲಿ ಈ ಬೇಡಿಕೆ ಏಳುವುದು ಸಹಜ. ಆದರೆ ಪಹಣಿಯ ಅಧಿಕೃತ ಹೆಸರು ಏನೆಂದು ನೋಡಿ: 'ಹಕ್ಕು, ಗೇಣಿ ಮತ್ತು ಪಹಣಿ ಪತ್ರಿಕೆ'. ಅರಬ್ಬಿ, ಕನ್ನಡ, ಮರಾಠಿ, ಸಂಸ್ಕೃತ ನಾಲ್ಕೂ ಒಂದೇ ಬಂಡಿಯಲ್ಲಿ ಕುಳಿತಿವೆ. 'ಹಕ್ಕು' ಅರಬ್ಬಿಯದೆಂದು ಅದನ್ನು ಬಿಟ್ಟುಕೊಡಲು ಯಾವ ಕನ್ನಡಿಗ ಒಪ್ಪಿಯಾನು? 'ಖುಷ್ಕಿ' ಎಂದರೆ ಒಣ ಬೇಸಾಯ, 'ತರಿ' ಎಂದರೆ ನೀರಾವರಿಯದು, 'ಬಾಗಾಯ್ತು' ಎಂದರೆ ತೋಟ ಎಂಬುದು ಓದು ಬಾರದ ರೈತನಿಗೂ ಗೊತ್ತು. ಇವನ್ನು ತೆಗೆದು 'ಶುಷ್ಕ ಭೂಮಿ', 'ಆರ್ದ್ರ ಭೂಮಿ' ಎಂದರೆ ಆಗ ರೈತ ಮಾತ್ರವಲ್ಲ, ಗುಮಾಸ್ತನೂ ನಿಘಂಟು ಹುಡುಕಬೇಕು. ಎಲ್ಲಿಂದ ಬಂತು ಎಂಬುದು ಇಲ್ಲಿ ಮುಖ್ಯವಾಗುವುದಿಲ್ಲ. ಸಹಿ ಹಾಕುವವರಿಗೆ ತಿಳಿಯುತ್ತದೆಯೇ ಎಂಬುದೊಂದೇ ಪರೀಕ್ಷೆ ಸಾಕು. ಆ ಪರೀಕ್ಷೆಯಲ್ಲಿ 'ಖುಷ್ಕಿ' ಪಾಸಾಗುತ್ತದೆ, 'ಪೌತಿ ಖಾತೆ' ಫೇಲಾಗುತ್ತದೆ, 'ಖರಾಬು' ಅರ್ಧ ಅಂಕ ಪಡೆಯುತ್ತದೆ.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ಕೈಬರಹದ ಪಹಣಿ ಹೋಯಿತು. 15 ರೂಪಾಯಿಗೆ ಕಂಪ್ಯೂಟರಿನ ಅಚ್ಚು ಪ್ರತಿ ಕೈಗೆ ಬಂತು. ಶಾನುಭೋಗರ ಮೋಡಿ ಅಕ್ಷರ ಬಿಡಿಸುವ ಕಷ್ಟ ತಪ್ಪಿತು, ಇದು ಸಣ್ಣ ಲಾಭವಲ್ಲ. ಆದರೆ ಯಂತ್ರಕ್ಕೆ ತುಂಬಿಸಿದ್ದು ಹಳೆಯ ಮಾತುಗಳನ್ನೇ. ಈಗ ಮೊಬೈಲಿನಲ್ಲಿಯೂ ಪಹಣಿ ಕಾಣಬಹುದು. ಹನ್ನೊಂದನೆಯ ಕಾಲಂನಲ್ಲಿ ಬರೆದ ಬ್ಯಾಂಕಿನ ಋಣವೂ ಅದೇ, ಖರಾಬಿನ ಪಕ್ಕದ ಒಂಟಿ ಅಕ್ಷರವೂ ಅದೇ.

ಈ ಕಾರಣಕ್ಕೇ ಪ್ರತಿ ತಾಲ್ಲೂಕು ಕಚೇರಿಯ ಹೊರಗಿನ ಮರದ ಕೆಳಗೆ, ಇಲ್ಲವೇ ಪಕ್ಕದ ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಅರ್ಜಿ ಬರೆಯುವವರು ಇಂದಿಗೂ ಕುಳಿತಿರುತ್ತಾರೆ. ಅವರು ಮಾಡುವುದು ಒಂದು ಬಗೆಯ ಅನುವಾದ, ಕನ್ನಡದಿಂದ ಕನ್ನಡಕ್ಕೆ. ಅದಕ್ಕೆ ಜನ ಹಣ ಕೊಡುತ್ತಾರೆ.

ಬ್ಯಾಂಕಿನಿಂದ ವಾಪಸು ಬಂದ ಅಜ್ಜಿ ಕೊನೆಗೆ ಅಂಥ ಒಬ್ಬರ ಮುಂದೆ ಚೀಲ ಬಿಚ್ಚುತ್ತಾಳೆ. ಆತ ಪಹಣಿಯನ್ನು ತೊಡೆಯ ಮೇಲೆ ಹರಡಿ, ಕನ್ನಡಕ ಸರಿಮಾಡಿಕೊಂಡು ಕೇಳುತ್ತಾನೆ:

"ಯಜಮಾನ್ರು ತೀರಿಕೊಂಡಿದ್ದು ಯಾವಾಗ ಅಜ್ಜಿ?"

"ಎರಡು ವರ್ಷ ಆಯ್ತಪ್ಪ."

"ಜಮೀನು ಇನ್ನೂ ಅವರ ಹೆಸರಲ್ಲೇ ಇದೆ. ನಿಮ್ಮ ಹೆಸರಿಗೆ ಮಾಡಿಸ್ಬೇಕು, ಅಲ್ವಾ?"

"ಹೂಂ ಕಣಪ್ಪ, ಅದನ್ನೇ ನಾನು ಬೆಳಗ್ಗಿಂದ ಕೇಳ್ತಿರೋದು."